ಪಂಪಾವತಿಯ ಗೇಣು

ಕಂಟೋನ್ಮೆಂಟ್, ಬಳ್ಳಾರಿ
12 ಆಗಸ್ಟ್ 2024

ಪ್ರೀತಿಯ ದಾಕ್ಷಾಯಣಿ ಅಕ್ಕನಿಗೆ,

ಶನಿವಾರ ಸಂಜೆ ಬಸ್ಸು ನಮ್ಮ ಶಾಲೆಯ ಮುಂದೆ ನಿಂತಾಗ ನನ್ನ ಐದನೇ ತರಗತಿಯ ಮಕ್ಕಳ ಮೊಣಕಾಲಿನವರೆಗೆ ನಿಮ್ಮೂರ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಕರೆದೊಯ್ಯಲು ಬಂದ ತಾಯಿಯೊಬ್ಬರು ಮಗಳನ್ನು ನೋಡಿ ಮೂಗಿಗೆ ಕರ್ಚೀಫು ಹಿಡಿದರು. ಮಗಳು ಅದನ್ನು ಗಮನಿಸಲೇ ಇಲ್ಲ. "ಮಮ್ಮಿ, ನಾನು ಅಕ್ಕಿ ನೆಟ್ಟೆ" ಅಂದಳು. ಅಕ್ಕಿಯಲ್ಲ, ನೆಲ್ಲಿನ ಸಸಿ, ಅಂದರೆ ಭತ್ತದ್ದು ಎಂದು ತಿದ್ದಬೇಕಿತ್ತು. ಆ ಮುಖ ನೋಡಿ ಅವಳ ಬ್ಯಾಗು ಎತ್ತಿಕೊಟ್ಟೆ.

ನಿನ್ನ ಶಾಲೆಯ ಹಿಂದಿನ ಗದ್ದೆಯ ಒಂದೇ ಒಂದು ಮಡಿಯಲ್ಲಿ ಅವರು ಆ ದಿನ ಕಲಿತದ್ದನ್ನು ನಾನು ತರಗತಿಯಲ್ಲಿ ಹೇಗೆ ಕಲಿಸುತ್ತಿದ್ದೆನೋ ಗೊತ್ತಿಲ್ಲ. ನಿಮ್ಮೂರ ಅಜ್ಜಿ ಉಚ್ಚೆಂಗೆಮ್ಮ ಸೊಂಟ ಬಗ್ಗಿಸಿ ಸಸಿ ಹಚ್ಚುವುದನ್ನು ತೋರಿಸುತ್ತಲೇ, ಬದುವಿನ ಮೇಲೆ ಫೋಟೋ ತೆಗೆಯುತ್ತಾ ನಿಂತಿದ್ದ ನನಗೆ ಒಂದು ಮಾತು ಬಿಟ್ಟಳಲ್ಲ: "ಏನ್ರೀ ಮೇಡಂ, ಪಾದ ಪೂಜಾಕ್ಕ ಇಟ್ಟೀರೇನು? ಇಳೀರಲ್ಲ ಕೆಳಗ." ಎಲ್ಲರೂ ನಕ್ಕರು, ನಾನೂ ನಕ್ಕೆ. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದೆ. ಆದರೂ ಇಳಿಯಲಿಲ್ಲ. ಯಾಕೆ ಎಂದು ಬಸ್ಸಿನಲ್ಲಿ ಯೋಚಿಸಿದೆ. ಯಾರಾದರೂ ಫೋಟೋ ತೆಗೆಯಬೇಕಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಎರಡೂ ಶಾಲೆಯ ಮಕ್ಕಳು ಒಬ್ಬರಿಗೊಬ್ಬರು ತಿಂಗಳಿಗೊಮ್ಮೆ ಪತ್ರ ಬರೆಯಬೇಕು, ಅದೇ ಕವರಿನಲ್ಲಿ ನಾವಿಬ್ಬರೂ ಒಂದೊಂದು ಪತ್ರ ಇಡಬೇಕು, ಈ ವಿಷಯಕ್ಕೆ ಫೋನು ಮುಟ್ಟಬಾರದು ಎಂದು ನೀನು ಹಾಕಿದ ನಿಯಮದಿಂದ ಹೆಚ್ಚು ಲಾಭವಾದದ್ದು ನನಗೇ. ಕಾನ್ವೆಂಟಿನಲ್ಲಿ ಓದಿದ ನನಗೆ ಕನ್ನಡ ಅಕ್ಷರ ಬಂದದ್ದು ಕುರುಗೋಡಿನ ಅಜ್ಜಿ ಮನೆಯ ಮಣ್ಣಿನ ಕಟ್ಟೆಯ ಮೇಲೆ, ಬೇಸಿಗೆ ರಜೆಯಲ್ಲಿ, ಪಕ್ಕದ ಮನೆಯ ನಿನ್ನಿಂದ. ಈಗಲೂ ಬರೆಯಲು ಕುಳಿತರೆ ನೀನು ಬೆನ್ನ ಹಿಂದೆ ನಿಂತು ನೋಡುತ್ತಿದ್ದೀ ಎನಿಸುತ್ತದೆ.

ಮಕ್ಕಳ ಪತ್ರಗಳು ಜೊತೆಗಿವೆ. ಶರಣು.

ನಿನ್ನ,
ಶೀಲಾ

•

ಸಿರುಗುಪ್ಪ
26 ಆಗಸ್ಟ್ 2024

ತಂಗಿ ಶೀಲಾ,

ನಿಮ್ಮ ಮಕ್ಕಳು ಹಚ್ಚಿದ ಸಾಲು ಒಂದೂ ನೆಟ್ಟಗಿಲ್ಲ. ಆದರೆ ಸಸಿ ಬೇರು ಹಿಡಿದಿದೆ, ಹಸಿರಾಗಿದೆ. ನಮ್ಮವರು ಆ ಭಾಗಕ್ಕೆ "ಬಳ್ಳಾರಿ ಸಾಲು" ಎಂದು ಹೆಸರಿಟ್ಟಿದ್ದಾರೆ. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಓಡಿಹೋಗಿ ನೋಡಿ ಬರುತ್ತಾರೆ.

ಪ್ರತಿ ಶನಿವಾರ ಕೊನೆಯ ಪಿರಿಯಡ್ಡಿಗೆ ನಮ್ಮ ಮಕ್ಕಳ ಪಂಚಾಯ್ತಿ ಕೂಡುತ್ತದೆ. ಮೊನ್ನೆ ಉಚ್ಚೆಂಗೆಮ್ಮನ ಮೊಮ್ಮಗಳು ಪಂಪಾವತಿ ಎದ್ದು ನಿಂತು, "ಅವ್ರು ಬಂದು ನಮ್ಮ ಗದ್ದಿ ಹಚ್ಚಿ ಹೋದ್ರು. ನಾವು ಯಾವಾಗ ಹೋಗಾದು ಟೀಚರ್?" ಎಂದಳು.

"ಯಾತಕ್ಕ ಹೋಗಾದು?" ಅಂದೆ.

ನನ್ನನ್ನು ಏನೂ ತಿಳಿಯದವಳನ್ನು ನೋಡುವಂತೆ ನೋಡಿ, "ಮುಯ್ಯಿ ತೀರ್ಸಾಕ" ಎಂದಳು.

ನೀನು ಕುರುಗೋಡಿಗೆ ರಜೆಯಲ್ಲಿ ಮಾತ್ರ ಬರುತ್ತಿದ್ದವಳು. ಮುಯ್ಯಿ ನಿನಗೆ ಗೊತ್ತಿರಲಿಕ್ಕಿಲ್ಲ. ಒಂದು ಮನೆಯವರು ಇನ್ನೊಂದು ಮನೆಯವರ ಹೊಲದಲ್ಲಿ ಒಂದು ದಿನ ದುಡಿದರೆ, ಅವರು ಬಂದು ಇವರ ಹೊಲದಲ್ಲಿ ಒಂದು ದಿನ ದುಡಿಯಬೇಕು. ದುಡ್ಡಿನ ಮಾತಿಲ್ಲ. ಕೈಗೆ ಕೈ. ತೀರಿಸುವವರೆಗೆ ನಮ್ಮ ಹೆಂಗಸರಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಮಕ್ಕಳಿಗೂ ಅದೇ ಅಭ್ಯಾಸ.

ನಿಮ್ಮ ಶಾಲೆಯ ಅಂಗಳದ ಬೇವಿನ ಗಿಡದ ಬೇರು ಮೇಲೆದ್ದಿದೆ, ಆಡುವಾಗ ಎಡವಿ ಬೀಳುತ್ತೇವೆ ಎಂದು ನಿಮ್ಮ ಹುಡುಗಿಯೊಬ್ಬಳು ಬರೆದಿದ್ದಳಂತೆ. ಅದಕ್ಕೆ ಮಣ್ಣಿನ ಕಟ್ಟೆ ಕಟ್ಟಿಕೊಡುವುದು ಎಂದು ಪಂಚಾಯ್ತಿಯಲ್ಲಿ ತೀರ್ಮಾನವಾಗಿದೆ. ಊರಿನಲ್ಲಿ ಗೋಡೆ ಕಟ್ಟುವ ಗೌಂಡಿ ಮೂಕಪ್ಪ ಕಲಿಸಲು ಒಪ್ಪಿದ್ದಾನೆ. ಮೊದಲು ನಮ್ಮ ಶಾಲೆಯ ಗಿಡಕ್ಕೆ ಕಟ್ಟಿ ಕೈ ಪಳಗಿಸಿಕೊಂಡು, ಆಮೇಲೆ ನಿಮ್ಮಲ್ಲಿಗೆ. ನಿಮ್ಮ ಹೆಡ್ ಮೇಡಂ ಅವರನ್ನು ಕೇಳಿ ಒಂದು ದಿನ ಗೊತ್ತು ಮಾಡು.

ಮುಂದಿನ ಸಲ ಬಂದರೆ ಕೆಸರಿಗೆ ಇಳಿ. ಕಾಲು ತೊಳೆಯಲು ನೀರು ನಾನು ಕೊಡುತ್ತೇನೆ.

ಅಕ್ಕ,
ದಾಕ್ಷಾಯಣಿ

•

ಬಳ್ಳಾರಿ
9 ಸೆಪ್ಟೆಂಬರ್ 2024

ಪ್ರೀತಿಯ ಅಕ್ಕ,

ನಮ್ಮ ಪ್ರಿನ್ಸಿಪಾಲ್ ಸುಧಾರಾಣಿ ಮೇಡಂ ಕೇಳಿದ ಕೂಡಲೇ ಒಪ್ಪಿದರು. ದಸರಾ ರಜೆ ಮುಗಿದು ಶಾಲೆ ತೆರೆದ ವಾರವೇ ಬರಲಿ, ಮಧ್ಯಾಹ್ನದ ಊಟ ನಮ್ಮದೇ ಎಂದರು. ತರಗತಿಯಲ್ಲಿ ಹೇಳಿದೆ. ಡೆಸ್ಕು ಬಡಿದ ಸದ್ದಿಗೆ ಪಕ್ಕದ ತರಗತಿಯ ಟೀಚರು ಬಂದು ಬಾಗಿಲಲ್ಲಿ ನಿಂತರು. ಯಾರ ಪಕ್ಕ ಯಾರು ಕೂರಬೇಕು ಎಂಬ ಜಗಳ ಈಗಲೇ ಶುರುವಾಗಿದೆ.

ಮಕ್ಕಳಿಗೆ ನಮ್ಮ ಲೈಬ್ರರಿ, ಲ್ಯಾಬು ಎಲ್ಲ ತೋರಿಸುತ್ತೇನೆ. ಆಗುವುದಾದರೆ ಸಂಗನಕಲ್ಲಿಗೂ ಕರೆದುಕೊಂಡು ಹೋಗಿ ನವಶಿಲಾಯುಗದ ಜಾಗ ತೋರಿಸೋಣ. ಅವರಿಗೆ ಅದು ಮರೆಯಲಾಗದ ಪ್ರವಾಸ ಆಗಬೇಕು.

ನಿನ್ನ,
ಶೀಲಾ

•

ಸಿರುಗುಪ್ಪ
28 ಸೆಪ್ಟೆಂಬರ್ 2024

ತಂಗಿ ಶೀಲಾ,

ಸಂಗನಕಲ್ಲು ಇನ್ನೊಮ್ಮೆ ನೋಡೋಣ. ಅವತ್ತು ಕೆಲಸ ಮುಗಿಯುವುದೇ ಕಷ್ಟ.

ನಮ್ಮ ಮೊದಲ ಕಟ್ಟೆ ಒಂದೇ ಮಳೆಗೆ ಕುಸಿಯಿತು. ಮಕ್ಕಳು ಗದ್ದೆಯ ಕಪ್ಪು ಎರೆಮಣ್ಣನ್ನೇ ತಂದು ಮೆತ್ತಿದ್ದರು. ಅದು ಕುಸಿಯುತ್ತದೆ ಎಂದು ಮೂಕಪ್ಪನಿಗೆ ಗೊತ್ತಿತ್ತು. ಬೇಕೆಂದೇ ಸುಮ್ಮನಿದ್ದ. ಬಿದ್ದ ಮೇಲೆ ಬೀಡಿ ಆರಿಸಿ ಬಂದು, "ಕಟ್ಟಿ ಅಂದ್ರ ಬರ್ತ್‌ಡೇ ಕೇಕ್ ಅಲ್ಲಲೇ, ಮ್ಯಾಲ ಚಂದ ಕಂಡ್ರ ಆಗಂಗಿಲ್ಲ. ಎರಿ ಮಣ್ಣು ನೀರು ಕುಡದು ಉಬ್ಬತೈತಿ, ಬಿಸಲಿಗೆ ಬಾಯಿ ಬಿಡತೈತಿ" ಎಂದ. ಈಗ ಕೆಂಪು ಮಸಾರಿ ಮಣ್ಣು, ನೆಲ್ಲಿನ ಹೊಟ್ಟು ಸೇರಿಸಿ ತುಳಿಯುತ್ತಿದ್ದಾರೆ. ಎರಡನೆಯ ಕಟ್ಟೆ ನಿಂತಿದೆ. ನಾನೇ ಅದರ ಮೇಲೆ ಕುಳಿತು ಈ ಪತ್ರ ಬರೆಯುತ್ತಿದ್ದೇನೆ.

ಅದಕ್ಕಿಂತ ದೊಡ್ಡ ಜಗಳ ಅಳತೆಯದು. ಒಂದೇ ಗಿಡದ ಸುತ್ತಳತೆಯನ್ನು ನಾಲ್ವರು ಗೇಣು ಹಾಕಿ ಅಳೆದರು, ನಾಲ್ಕು ಉತ್ತರ ಬಂದವು. ಎಲ್ಲರೂ ನನ್ನದೇ ಸರಿ ಎಂದು ಹಟ ಹಿಡಿದರು. ನಾನು ಸ್ಕೇಲು ಕೊಡಲಿಲ್ಲ. ಎರಡು ದಿನ ಕಿತ್ತಾಡಿ ಕೊನೆಗೆ ತಾವೇ ದಾರಿ ಕಂಡುಕೊಂಡರು: ಪಂಪಾವತಿಯ ಗೇಣು ತೀರ ದೊಡ್ಡದೂ ಅಲ್ಲ, ತೀರ ಚಿಕ್ಕದೂ ಅಲ್ಲ, ಆದ್ದರಿಂದ ನಮ್ಮ ಶಾಲೆಗೆ ಅದೇ ಗೇಣು. ಒಂದು ಸೆಣಬಿನ ಹಗ್ಗಕ್ಕೆ ಅವಳ ಗೇಣಿಗೊಂದರಂತೆ ಗಂಟು ಹಾಕಿ, ಗಂಟಿಗೆ ಅರಿಶಿಣ ಹಚ್ಚಿ ಗುರುತು ಮಾಡಿದ್ದಾರೆ. ಎಲ್ಲವನ್ನೂ ಈಗ ಅದರಲ್ಲೇ ಅಳೆಯುತ್ತಾರೆ. ಎಸ್‌ಡಿಎಂಸಿ ಅಧ್ಯಕ್ಷ ಎರ್ರೆಪ್ಪನ ಹೊಟ್ಟೆಯನ್ನೂ ಅಳೆದರು.

ನಿಮ್ಮ ಗಿಡಕ್ಕೆ ಎಷ್ಟು ಮಣ್ಣು ಬೇಕು ಎಂದು ಮೊದಲೇ ಲೆಕ್ಕ ಹಾಕಬೇಕಂತೆ. ಶೀಲಾ ಮೇಡಂ ಅಳೆದು ಬರೆಯುತ್ತಾರೆ ಬಿಡಿ ಎಂದರೆ, "ಬ್ಯಾಡ್ರಿ, ಅವ್ರ ಗೇಣು ದೊಡ್ಡದಿರತೈತಿ, ಲೆಕ್ಕ ಕೆಡತೈತಿ" ಎಂದರು. ಬಳ್ಳಾರಿಯ ಮಣ್ಣಿನ ಮೇಲೂ ಮೂಕಪ್ಪನಿಗೆ ನಂಬಿಕೆಯಿಲ್ಲ. ಮಣ್ಣು ಇಲ್ಲಿಂದಲೇ ಎರ್ರೆಪ್ಪನ ಟ್ರ್ಯಾಕ್ಟರಿನಲ್ಲಿ ಬರುತ್ತದೆ.

ಅಕ್ಕ

•

ಬಳ್ಳಾರಿ
25 ಅಕ್ಟೋಬರ್ 2024

ಪ್ರೀತಿಯ ಅಕ್ಕ,

ಹೇಗೆ ಬರೆಯಲಿ ಎಂದು ಮೂರು ಸಲ ಹಾಳೆ ಬದಲಿಸಿದೆ. ಮಕ್ಕಳ ಭೇಟಿಯನ್ನು ಸ್ವಲ್ಪ ಮುಂದಕ್ಕೆ ಹಾಕಬೇಕಾಗಿದೆ. ರಜೆ ಮುಗಿಯುತ್ತಿದ್ದಂತೆ ಪರೀಕ್ಷೆ, ಆಮೇಲೆ ಇನ್‌ಸ್ಪೆಕ್ಷನ್ ಎನ್ನುತ್ತಿದ್ದಾರೆ. ಬೇರೆ ಕಾರಣವೇನಿಲ್ಲ.

ಮಕ್ಕಳಿಗೆ ಬೇಸರವಾಗಬಾರದೆಂದು ಎಲ್ಲರಿಗೂ ಒಂದೊಂದು ಸ್ಕೆಚ್ ಪೆನ್ನಿನ ಡಬ್ಬಿ ಕಳಿಸುತ್ತಿದ್ದೇನೆ. ಅವರಿಗೆ ಹೇಳು, ಅವರು ನಮಗೆ ಏನೂ ತೀರಿಸಬೇಕಾಗಿಲ್ಲ. ಆ ದಿನ ನಮ್ಮ ಮಕ್ಕಳು ಪಡೆದ ಖುಷಿಯೇ ಸಾಕು. ಮುಯ್ಯಿ ಎಂದು ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ.

ಗದ್ದೆ ಹೇಗಿದೆ? ಬಳ್ಳಾರಿ ಸಾಲು ತೆನೆ ಹಿಡಿಯಿತೇ?

ನಿನ್ನ,
ಶೀಲಾ

•

ಸಿರುಗುಪ್ಪ
6 ನವೆಂಬರ್ 2024

ಶೀಲಾ,

ತೆನೆ ಹಿಡಿದಿದೆ. ಬಾಗಿದೆ.

ಪೆನ್ನಿನ ಡಬ್ಬಿಗಳು ಬಂದವು. ಮಕ್ಕಳು ಬಿಚ್ಚಿಲ್ಲ, ಬೀರುವಿನಲ್ಲಿಟ್ಟಿದ್ದಾರೆ. ಕಟ್ಟೆ ಕಟ್ಟಿ ಬಂದ ಮೇಲೆ ಬಿಚ್ಚುತ್ತಾರಂತೆ. ತೀರಿಸಬೇಕಾಗಿಲ್ಲ ಎಂದು ನೀನು ಬರೆದ ಸಾಲನ್ನು ಅವರಿಗೆ ಓದಿ ಹೇಳಲಿಲ್ಲ. ಒಳ್ಳೆಯ ಮನಸ್ಸಿನಿಂದ ಬರೆದಿದ್ದೀ ಎಂದು ನನಗೆ ಗೊತ್ತು. ಆದರೆ ಇಲ್ಲಿ ಮುಯ್ಯಿ ತೀರಿಸಲು ಬಂದವರನ್ನು ಬೇಡ ಎಂದರೆ, ನಿಮ್ಮ ಕೈ ನಮ್ಮ ಕೆಲಸಕ್ಕೆ ಮುಟ್ಟುವುದು ಬೇಡ ಎಂದ ಹಾಗೆ. ಅಕ್ಕಪಕ್ಕದ ಮನೆಗಳು ಅದರಿಂದಲೇ ಮಾತು ಬಿಟ್ಟದ್ದನ್ನು ಕಂಡಿದ್ದೇನೆ.

ಪರೀಕ್ಷೆ ಯಾವತ್ತು ಮುಗಿಯುತ್ತದೆ? ದಿನ ಹೇಳಿದರೆ ಸಾಕು. ಭಾನುವಾರವಾದರೂ ಸರಿ. ನಿಮ್ಮ ಮಕ್ಕಳಿಗೆ ತೊಂದರೆಯಾಗದಂತೆ ಬಂದು ಕಟ್ಟಿ ಹೋಗುತ್ತಾರೆ. ಮಸಾರಿ ಮಣ್ಣು ಸೋಸಿ ಚೀಲ ತುಂಬಿ ವರಾಂಡದಲ್ಲಿಟ್ಟಿದ್ದಾರೆ, ನನ್ನ ಕುರ್ಚಿಗೆ ಜಾಗವಿಲ್ಲ.

ದಾಕ್ಷಾಯಣಿ

•

ಬಳ್ಳಾರಿ
20 ನವೆಂಬರ್ 2024

ಪ್ರೀತಿಯ ಅಕ್ಕ,

ಒಂದು ಸಮಾಧಾನದ ಸುದ್ದಿ. ಮ್ಯಾನೇಜ್‌ಮೆಂಟಿನವರೇ ಬೇವಿನ ಗಿಡಕ್ಕೆ ಕಟ್ಟೆ ಕಟ್ಟಿಸಿದರು. ಕುರುಗೋಡು ಕಡೆಯ ಗ್ರಾನೈಟ್, ನುಣುಪಾಗಿದೆ. ಮಕ್ಕಳ ದಿನಾಚರಣೆಗೆ ಮುಗಿಯಲೇಬೇಕೆಂದು ಎರಡು ದಿನದಲ್ಲಿ ಮುಗಿಸಿದರು. ಇನ್ನು ನಿನ್ನ ಮಕ್ಕಳು ಅಷ್ಟು ದೂರ ಮಣ್ಣು ಹೊತ್ತು ಕಷ್ಟಪಡುವುದು ತಪ್ಪಿತು. ಬೇಸಿಗೆಯಲ್ಲಿ ಆರಾಮಾಗಿ ಊರು ನೋಡಲು ಬರಲಿ.

ನಿನಗೆ ನಗು ಬರುವಂಥ ಒಂದು ವಿಷಯ. ಕಳೆದ ವಾರ ನಾನು ಪಾಠ ಮಾಡುತ್ತಿದ್ದಾಗ ಗೇಟು ಕಾಯುವ ಅಯ್ಯಣ್ಣ ಬಂದು, "ಯಾರೋ ಮುದುಕಿ ಬಂದಾಳ್ರಿ, ನಿಮ್ಮನ್ನ ಕೇಳಾಕತ್ತಾಳ" ಎಂದ. ಪಿರಿಯಡ್ ಮುಗಿಯಲಿ ಎಂದೆ. ಆಮೇಲೆ ಸುಧಾರಾಣಿ ಮೇಡಂ ಕರೆದರು. ಹೋಗಿ ನೋಡುವಷ್ಟರಲ್ಲಿ ಆಕೆ ಇರಲಿಲ್ಲ. ಗೇಟಿನ ಬಳಿ ಒಂದು ಹಗ್ಗದ ಸುರುಳಿ ಬಿದ್ದಿತ್ತಂತೆ, ಉದ್ದಕ್ಕೂ ಗಂಟು, ಗಂಟಿಗೆಲ್ಲ ಅರಿಶಿಣ. ಆಫೀಸಿನವರು ಯಾರೋ ಮಾಟ ಮಾಡಿಸಿ ಎಸೆದು ಹೋಗಿದ್ದಾರೆ ಎಂದು ಹೆದರಿ, ಕೋಲಿನಿಂದ ಎತ್ತಿ ಹೊರಗೆ ಸುಟ್ಟು, ಗೇಟಿಗೆ ನಿಂಬೆಹಣ್ಣು ಕಟ್ಟಿದರು. ಇಂಗ್ಲಿಷ್ ಮೀಡಿಯಂ ಶಾಲೆಯ ಕಥೆ ನೋಡು.

ಆ ಮುದುಕಿ ಯಾರೆಂದು ತಿಳಿಯಲೇ ಇಲ್ಲ. ಯಾವುದೋ ಅಡ್ಮಿಶನ್ ವಿಷಯ ಇರಬೇಕು.

ನಿನ್ನ,
ಶೀಲಾ

•

ಬಳ್ಳಾರಿ
9 ಡಿಸೆಂಬರ್ 2024

ಪ್ರೀತಿಯ ಅಕ್ಕ,

ನಿನ್ನ ಕವರು ಬಂದಿಲ್ಲ. ಮಕ್ಕಳು ದಿನಾ ಕೇಳುತ್ತಾರೆ.

ನಿನಗೆ ಸಿಟ್ಟು ಬಂದಿದೆ. ಯಾಕೆಂದು ನನಗೆ ನಿನ್ನೆ ಹೊಳೆಯಿತು. ನಮ್ಮ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ನಾನು ತೆಗೆದ ಗದ್ದೆಯ ಫೋಟೋಗಳು ಬಂದಿವೆ, ನಿನ್ನ ಶಾಲೆಯ ಹೆಸರು ಎಲ್ಲೂ ಇಲ್ಲ. ಅದು ನಿನ್ನ ಕಣ್ಣಿಗೆ ಬಿದ್ದಿರಬೇಕು. ತಪ್ಪು ನನ್ನದು. ಅಚ್ಚಿಗೆ ಹೋಗುವ ಮೊದಲು ನೋಡಬೇಕಿತ್ತು. ಮುಂದಿನ ಸಂಚಿಕೆಯಲ್ಲಿ ನಿನ್ನ ಹೆಸರು, ಶಾಲೆಯ ಹೆಸರು ದೊಡ್ಡದಾಗಿ ಹಾಕಿಸುತ್ತೇನೆ.

ಕೊಯ್ಲು ಹತ್ತಿರ ಬಂದಿರಬೇಕಲ್ಲ? ನಾನೊಬ್ಬಳೇ ಬರುತ್ತೇನೆ. ಒಂದು ದಿನ ಕುಡುಗೋಲು ಹಿಡಿಯುತ್ತೇನೆ. ಈ ಸಲ ಚಪ್ಪಲಿ ಬಸ್ಸಿನಲ್ಲೇ ಬಿಡುತ್ತೇನೆ. ಒಂದು ಸಾಲು ಬರೆ, ಅಕ್ಕ.

ಶೀಲಾ

•

ಸಿರುಗುಪ್ಪ
18 ಡಿಸೆಂಬರ್ 2024

ಶೀಲಾ ಮೇಡಂ ಅವರಿಗೆ ನಮಸ್ಕಾರಗಳು.

ನಿಮ್ಮ ಸಂಚಿಕೆಯನ್ನು ನಾನು ನೋಡಿಲ್ಲ. ಫೋಟೋಗಳ ಬಗ್ಗೆ ನಮಗೆ ಯಾರಿಗೂ ಬೇಸರವಿಲ್ಲ.

ನಿಮ್ಮ ಗೇಟಿಗೆ ಬಂದಿದ್ದ ಮುದುಕಿ ಉಚ್ಚೆಂಗೆಮ್ಮ. ಕಣ್ಣು ತೋರಿಸಲು ಬಳ್ಳಾರಿಗೆ ಹೊರಟಿದ್ದವಳ ಕೈಗೆ ಮಕ್ಕಳು ಹಗ್ಗ ಕೊಟ್ಟು, "ಅಜ್ಜಿ, ಗಿಡಕ್ಕ ಒಂದು ಸುತ್ತು ಹಾಕು, ಎಲ್ಲಿಗೆ ಬರತೈತೋ ಅಲ್ಲಿ ಇನ್ನೊಂದು ಗಂಟು ಹಾಕ್ಕೊಂಡು ಬಾ" ಎಂದು ಕಳಿಸಿದ್ದರು. ನನಗೂ ಹೇಳಿರಲಿಲ್ಲ. ಹಗ್ಗದ ವಿಷಯ ನಾನು ಸೆಪ್ಟೆಂಬರಿನಲ್ಲೇ ನಿಮಗೆ ಬರೆದಿದ್ದೆ. ಓದಿ ಮರೆತಿರೋ, ಓದಲೇ ಇಲ್ಲವೋ, ನಾನು ಕೇಳುವುದಿಲ್ಲ.

ಗೇಟಿನಲ್ಲಿ ಆಕೆ ಕೇಳಿದ್ದು, ನಿಮ್ಮ ಅಯ್ಯಣ್ಣ ಹೇಳಿದ್ದು, ಆಕೆ ಬಂದು ನನಗೆ ಹೇಳಿದಂತೆಯೇ ಬರೆಯುತ್ತೇನೆ.

"ಕಟ್ಟಿ ಕಟ್ಟಾಕ ನಮ್ಮ ಹುಡುಗ್ರು ಬರೋರದಾರ, ಗಿಡ ಅಳೀಬೇಕಪ್ಪ."

"ಯಾವ ಕಟ್ಟಿ ಅಮ್ಮಾ? ಅಲ್ಲಿ ನೋಡು, ಕಲ್ಲು ಹಾಕ್ಯಾರ. ನಿಮ್ಮ ಹುಡುಗ್ರು ಬರಾದು ಬ್ಯಾಡಂತ ದಸರಾ ಆದಮ್ಯಾಲ ಮೀಟಿಂಗ್ ಆತಲ್ಲ. ಹಳ್ಳಿ ಹುಡುಗ್ರು ನಮ್ಮ ಮಕ್ಕಳ ಪಕ್ಕದಾಗ ಉಣ್ಣಾಕ ಕುಂದರ್ತಾರೇನು, ಅದೇ ಸಂಡಾಸಕ್ಕ ಹೋಗ್ತಾರೇನು ಅಂತ ಮಕ್ಕಳ ಅಪ್ಪ ಅವ್ವಂದಿರು ಗದ್ದಲ ಹಾಕಿದ್ರು. ದೊಡ್ಡ ಮೇಡಂ ಆತು ಬ್ಯಾಡ ಬಿಡ್ರಿ ಅಂದ್ರು."

"ಶೀಲಾ ಮೇಡಂ ಏನಂದ್ರು?"

"ನಾನು ಚಾ ಕೊಡಾಕ ಒಳಗ ಹೋಗಿದ್ದೆ, ಅವ್ರೂ ಅಲ್ಲೇ ಕುಂತಿದ್ರು. ಅವ್ರು ಏನೂ ಅನ್ನಲಿಲ್ಲ."

ಉಚ್ಚೆಂಗೆಮ್ಮ ಹಗ್ಗವನ್ನು ಅಲ್ಲೇ ಬಿಟ್ಟು ಬಂದಳು. ಮಕ್ಕಳಿಗೆ, "ಕಣ್ಣಿಗೆ ಔಷಧ ಹಾಕಿದ್ರು, ಏನೂ ಕಾಣಲಿಲ್ಲ, ದಾರ್‍ಯಾಗ ಎಲ್ಲೋ ಹಗ್ಗ ಬಿತ್ತು" ಎಂದಳು. ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು. ಪಂಪಾವತಿ ನಂಬಲಿಲ್ಲ. ಅಜ್ಜಿಯನ್ನು ಒಂದು ವಾರ ಪೀಡಿಸಿ ನಿಜ ಹೊರಡಿಸಿದಳು.

ಪಾಲಕರು ಒಪ್ಪಲಿಲ್ಲ ಎಂದು ನೀವು ನನಗೆ ಬರೆದಿದ್ದರೆ ನಾನು ಮಕ್ಕಳಿಗೆ ಏನಾದರೂ ಹೇಳುತ್ತಿದ್ದೆ. ನನಗೆ ಇಂಥದ್ದು ಹೊಸದಲ್ಲ. ಬೇರೆ ಕಾರಣವೇನಿಲ್ಲ ಎಂದು ಬರೆದಿರಿ. ಆ ಮಾತು ನಂಬಿ ನಾನು ಅವರಿಂದ ಇನ್ನೂ ಮೂರು ವಾರ ಮಣ್ಣು ಸೋಸಿಸಿದೆ.

ಕೊಯ್ಲು ಮುಗಿಯಿತು. ಶನಿವಾರದ ಪಂಚಾಯ್ತಿಯಲ್ಲಿ ನಾನು ಬಾಯಿ ಹಾಕಲಿಲ್ಲ. ಬಳ್ಳಾರಿ ಸಾಲನ್ನು ಬೇರೆಯಾಗಿ ಕೊಯ್ದು, ಬೇರೆಯಾಗಿ ಬಡಿದು, ತೂರಿ, ಚೀಲ ತುಂಬಿದ್ದಾರೆ. ಆ ನೆಲ್ಲು ಎರ್ರೆಪ್ಪನ ಗಾಡಿಯಲ್ಲಿ ನಿಮ್ಮ ಶಾಲೆಗೆ ಬರುತ್ತದೆ. ಪೆನ್ನಿನ ಡಬ್ಬಿಗಳೂ ಅದರ ಜೊತೆಗಿವೆ. ಇದು ಕಾಣಿಕೆಯಲ್ಲ. ನಮ್ಮಲ್ಲಿ ಮುಯ್ಯಿಗೆ ಬಂದವರಿಗೆ ಯಾರೂ ಕೂಲಿ ಕೊಡುವುದಿಲ್ಲ. ಕೊಟ್ಟರೆ ಅಲ್ಲಿಗೆ ಮುಯ್ಯಿ ಮುರಿಯಿತು, ಆ ಮನೆಯವರನ್ನು ಇನ್ನು ಕರೆಯುವುದಿಲ್ಲ, ಅವರು ಕರೆದರೆ ಹೋಗುವುದೂ ಇಲ್ಲ. ಇದು ನಿಮ್ಮ ಮಕ್ಕಳು ಹಚ್ಚಿದ ಸಾಲಿನ ಕೂಲಿ. ಹೀಗೆ ಮಾಡಬೇಕೆಂದು ಹೇಳಿದವಳು ಪಂಪಾವತಿ.

ನೀವೊಬ್ಬರೇ ಬಂದು ದುಡಿಯುವ ಮಾತು ಬರೆದಿದ್ದೀರಿ. ಅವತ್ತು ನೀವು ಗದ್ದೆಗೆ ಇಳಿದಿರಲಿಲ್ಲ. ನಿಮಗೂ ನಮಗೂ ಕೊಡುವುದು, ತೀರಿಸುವುದು ಏನೂ ಇಲ್ಲ.

ಈ ಕವರಿನಲ್ಲಿ ಮಕ್ಕಳ ಪತ್ರಗಳಿಲ್ಲ. ಬರೆಯಿರಿ ಎಂದು ನಾನು ಒತ್ತಾಯಿಸಲಿಲ್ಲ.

ದಾಕ್ಷಾಯಣಿ
ಸಹಶಿಕ್ಷಕಿ

•

ಬಳ್ಳಾರಿ
6 ಜನವರಿ 2025

ದಾಕ್ಷಾಯಣಿ ಅಕ್ಕನಿಗೆ,

ಈ ಪತ್ರಕ್ಕೆ ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಅಯ್ಯಣ್ಣ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಆ ಮೀಟಿಂಗಿನಲ್ಲಿ ನನ್ನ ಸರದಿ ಬರಲಿ, ಆಗ ಹೇಳೋಣ ಎಂದುಕೊಂಡು ಕುಳಿತಿದ್ದೆ. ಸರದಿ ಬಂದಿತ್ತು. "ಶೀಲಾ, ನಿಮಗೇನಾದರೂ ಹೇಳುವುದಿದೆಯಾ?" ಎಂದು ಸುಧಾರಾಣಿ ಮೇಡಂ ಕೇಳಿದ್ದರು. ಇಲ್ಲ ಎಂದಿದ್ದೆ. ನಿನಗೆ ನೋವಾಗಬಾರದೆಂದು ಪರೀಕ್ಷೆಯ ನೆಪ ಬರೆದೆ ಎಂದೇ ಇಷ್ಟು ದಿನ ನಂಬಿದ್ದೆ. ನಿನಗೆ ನಿಜ ಬರೆದಿದ್ದರೆ, ಆಗ ನೀನೇನಂದೆ ಶೀಲಾ ಎಂದು ನೀನೂ ಕೇಳುತ್ತಿದ್ದೆ. ಬಹುಶಃ ಹೆದರಿದ್ದು ಅದಕ್ಕೆ.

ಶುಕ್ರವಾರ ನೆಲ್ಲಿನ ಚೀಲ ಬಂತು. ಎಲ್ಲಿಡಬೇಕು ಎಂದು ಯಾರಿಗೂ ತಿಳಿಯದೆ ಅಯ್ಯಣ್ಣ ಅದನ್ನು ಬೇವಿನ ಗಿಡದ ಗ್ರಾನೈಟ್ ಕಟ್ಟೆಯ ಮೇಲೆ ಇಳಿಸಿದ. ಇಂಟರ್‌ವೆಲ್ಲಿನಲ್ಲಿ ನನ್ನ ಮಕ್ಕಳು ಸುತ್ತ ಮುತ್ತಿಕೊಂಡರು. ಅವರು ಬರುತ್ತಾರಾ ಮಿಸ್, ಅವರೇ ಕಳಿಸಿದ್ದಾ, ನಮ್ಮ ಪತ್ರ ಎಲ್ಲಿ ಎಂದು ಒಂದೇ ಸಮ ಕೇಳಿದರು. ಇನ್ನೊಂದು ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಅವರು ಬರುವುದಿಲ್ಲ, ಯಾಕೆ ಬರುವುದಿಲ್ಲ, ಈ ಚೀಲ ಏನು ಎಂದು ನೀನು ಬರೆದಂತೆಯೇ ಹೇಳಿದೆ. ಮಕ್ಕಳ ಮುಂದೆ ಇಂಥದ್ದು ಹೇಳಬಾರದಿತ್ತು ಎಂದು ಸಂಜೆಯೊಳಗೆ ಎರಡು ಮನೆಯಿಂದ ಫೋನು ಬಂತು.

ಅವತ್ತು ಅಕ್ಕಿ ನೆಟ್ಟೆ ಎಂದಿದ್ದ ಹುಡುಗಿ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಎತ್ತಿದಳು.

"ಮಿಸ್, ನಾವು ಅಲ್ಲಿಗೆ ಕೂಲಿಗೆ ಹೋಗಿದ್ವಾ?" ಎಂದಳು. "ನಾನು ಅವರೆಲ್ಲ ನಮ್ಮ ಫ್ರೆಂಡ್ಸ್ ಅಂದ್ಕೊಂಡಿದ್ದೆ."

ನಾವು ಫ್ರೆಂಡ್ಸ್ ಅಲ್ಲವಾ ಎಂದು ಮೊದಲು ಕೇಳಬೇಕಾಗಿದ್ದವರು ನಿನ್ನ ಮಕ್ಕಳು.

ಶಾಲೆ ಬಿಟ್ಟ ಮೇಲೆ ಚಪ್ಪಲಿ ಬಿಚ್ಚಿ ಕಟ್ಟೆ ಹತ್ತಿದೆ. ಕಾಂಡಕ್ಕೆ ಆತುಕೊಂಡು, ಗೇಣಿನ ಮೇಲೆ ಗೇಣು ಇಡುತ್ತಾ ಒಂದು ಸುತ್ತು ಬಂದೆ. ಅಯ್ಯಣ್ಣ ದೂರದಿಂದ ನೋಡುತ್ತಿದ್ದ. ನನ್ನ ಕೈಯಲ್ಲಿ ಹನ್ನೊಂದು ಗೇಣು ಬಂತು, ಮೇಲೆ ನಾಲ್ಕು ಬೆರಳು.

ಪಂಪಾವತಿಯ ಗೇಣಿನಲ್ಲಿ ಎಷ್ಟಾಗುತ್ತದೋ ಗೊತ್ತಿಲ್ಲ. ಅವಳ ಕೈ ಈ ಗಿಡವನ್ನು ಮುಟ್ಟಿಲ್ಲ.

ಶೀಲಾ